ಒಡೆದದ್ದಕ್ಕೆ ಯಾರು ತೆರಬೇಕು?

2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ಮಾರನೆಯ ದಿನ ನೋಯ್ಡಾದ ಸೆಕ್ಟರ್ 100ರಲ್ಲಿರುವ ಲೋಟಸ್ ಬೊಲೆವಾರ್ಡ್ ಎಂಬ ಬಹುಮಹಡಿ ಸೊಸೈಟಿಯ ಫ್ಲ್ಯಾಟೊಂದರಲ್ಲಿ ಬೆಂಕಿ ಹೊತ್ತಿತು. ಎಸಿ ಸಿಡಿದದ್ದೇ ಕಾರಣವೆಂದು ವರದಿಯಾಯಿತು. ಬಾಲ್ಕನಿಯಿಂದ ಕೆನ್ನಾಲಗೆ ಚಾಚಿದ ಬೆಂಕಿಯ ವಿಡಿಯೊ ದೇಶದ ತುಂಬ ಹರಿದಾಡಿತು. ಜೀವಹಾನಿ ಆಗಲಿಲ್ಲ ಎಂಬುದೊಂದೇ ಸಮಾಧಾನ.

ಬೆಂಕಿ ಸುದ್ದಿಯಾಗುತ್ತದೆ. ಅದು ಆರಿದ ಮೇಲೆ ಬರುವ ಲೆಕ್ಕಾಚಾರ ಸುದ್ದಿಯಾಗುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಇಂಥದ್ದೊಂದು ನಡೆದರೆ ಸುಟ್ಟ ಗೋಡೆ, ಬಿರಿದ ಟೈಲ್ಸು, ಮಸಿ ಹಿಡಿದ ಮೇಲ್ಮನೆಯ ಬಾಲ್ಕನಿ, ಇವುಗಳ ಖರ್ಚು ಯಾರ ತಲೆಗೆ? ಮನೆ ಮಾಲೀಕರನ್ನು ಕೇಳಿದರೆ "ಮನೆಯಲ್ಲಿ ಇದ್ದವರು ಅವರಲ್ಲವೇ" ಎನ್ನುತ್ತಾರೆ. ಬಾಡಿಗೆದಾರರನ್ನು ಕೇಳಿದರೆ "ನಾವೇನು ಬೇಕೆಂದು ಮಾಡಿದೆವೇ" ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಎರಡೂ ಉತ್ತರವಲ್ಲ.

ಉತ್ತರ ಸಿಗಬೇಕಾದರೆ ಅದೇ ಎಸಿಯನ್ನು ಮೂರು ಬಗೆಯಲ್ಲಿ ಊಹಿಸಿಕೊಳ್ಳಬೇಕು. ಎಸಿ ಮಾಲೀಕರದು, ಹಳೆಯದು. ಅದಕ್ಕೆ ಬೇಕಾದಷ್ಟು ದಪ್ಪದ ವೈರನ್ನು ಗೋಡೆಯೊಳಗೆ ಹಾಕಿಸಿರಲಿಲ್ಲ. "ಪ್ಲಗ್ ಬಿಸಿಯಾಗುತ್ತಿದೆ" ಎಂದು ಬಾಡಿಗೆದಾರರು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದ್ದರೂ ಮಾಲೀಕರು ಯಾರನ್ನೂ ಕಳಿಸಲಿಲ್ಲ. ಆಗ ಹೊಣೆ ಮಾಲೀಕರದೇ. ಇನ್ನೊಂದು ಬಗೆ: ಎಸಿ ಬಾಡಿಗೆದಾರರದು, ವರ್ಷಗಟ್ಟಲೆ ಸರ್ವಿಸ್ ಇಲ್ಲ, ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಹಗಲು ರಾತ್ರಿ ಓಡಿಸಿದ್ದಾರೆ. ಹೊಣೆ ಅವರದು. ಮೂರನೆಯದು ಕಷ್ಟದ್ದು. ಎಸಿ ಚೆನ್ನಾಗಿಯೇ ಇತ್ತು, ಸರ್ವಿಸ್ ಆಗಿತ್ತು, ವೈರಿಂಗ್ ಸರಿಯಿತ್ತು. ಕರೆಂಟು ಹೋಗಿ ಸೊಸೈಟಿಯ ಜನರೇಟರ್‌ಗೆ ಬದಲಾದ ಗಳಿಗೆಯಲ್ಲಿ ವೋಲ್ಟೇಜ್ ಏರಿಳಿತವಾಗಿ ಏನೋ ಸುಟ್ಟಿತು. ಇಲ್ಲಿ ಯಾರ ತಪ್ಪೂ ಇಲ್ಲ, ನಷ್ಟ ಮಾತ್ರ ಇದೆ.

ನಿಜವಾದ ಅರ್ಥದಲ್ಲಿ ಆಕಸ್ಮಿಕ ಎಂದರೆ ಈ ಮೂರನೆಯದು. ಅದರ ಖರ್ಚನ್ನು ಬಾಡಿಗೆದಾರರ ಮೇಲೆ ಹಾಕುವುದು ಅನ್ಯಾಯ ಎಂಬುದೇ ಈ ಲೇಖನದ ವಾದ. ಎರಡನೆಯ ಬಗೆಯ ಖರ್ಚಿನಿಂದ ಬಾಡಿಗೆದಾರರು ನುಣುಚಿಕೊಳ್ಳುವುದೂ ಅಷ್ಟೇ ಅನ್ಯಾಯ. ಕಾನೂನು ಕೂಡ ಬಹುಮಟ್ಟಿಗೆ ಹೀಗೆಯೇ ಹೇಳುತ್ತದೆ. ಆದರೆ ಕಾನೂನು ಹೇಳುವುದು ಒಂದು, ಮನೆ ಖಾಲಿ ಮಾಡುವ ದಿನ ನಡೆಯುವುದು ಇನ್ನೊಂದು.

ಕಾನೂನಿನ ಮಾತು

ನೋಯ್ಡಾ 1976ರ ಏಪ್ರಿಲ್ 17ರಂದು, ತುರ್ತುಪರಿಸ್ಥಿತಿಯ ಕಾಲದಲ್ಲಿ, ಕೈಗಾರಿಕೆಗೆಂದು ಹುಟ್ಟಿದ ಊರು. ಇಂದು ಅದು ಮುಖ್ಯವಾಗಿ ಕೆಲಸಕ್ಕೆಂದು ಬಂದವರ ಊರು. ಸಾಫ್ಟ್‌ವೇರ್, ಮೊಬೈಲ್ ಕಾರ್ಖಾನೆ, ಟಿವಿ ಚಾನೆಲ್‌ಗಳು, ಖಾಸಗಿ ವಿಶ್ವವಿದ್ಯಾಲಯಗಳು, ದೆಹಲಿಯ ಸರ್ಕಾರಿ ಕಚೇರಿಗಳು ಹೀಗೆ ಒಂದಲ್ಲ ಒಂದು ನೆಪದಲ್ಲಿ ಕನ್ನಡದ ಕುಟುಂಬಗಳೂ ಇಲ್ಲಿ ಮನೆ ಹಿಡಿದಿವೆ. ದೆಹಲಿಯಲ್ಲಿ ಕೆಲಸ, ನೋಯ್ಡಾದಲ್ಲಿ ಮನೆ, ಭಾನುವಾರ ರಾಮಕೃಷ್ಣಪುರಂನ ಕರ್ನಾಟಕ ಸಂಘದಲ್ಲಿ ನಾಟಕ ಎಂಬ ಬದುಕು ಹಲವರದು. ದೆಹಲಿಯ ಮಗ್ಗುಲಲ್ಲೇ ಇದ್ದರೂ ನೋಯ್ಡಾ ಉತ್ತರ ಪ್ರದೇಶಕ್ಕೆ ಸೇರಿದ್ದು. ಹಾಗಾಗಿ ಇಲ್ಲಿ ದೆಹಲಿಯ ಬಾಡಿಗೆ ಕಾನೂನು ನಡೆಯದು.

ಉತ್ತರ ಪ್ರದೇಶ 2021ರಲ್ಲಿ ನಗರ ಬಾಡಿಗೆಗೆ ಹೊಸ ಕಾಯ್ದೆ ತಂದು 1972ರ ಹಳೆಯ ಕಾಯ್ದೆಯನ್ನು ತೆಗೆದುಹಾಕಿತು. ಅದೇ ವರ್ಷದ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅಚ್ಚಿನಲ್ಲೇ ಇದೂ ಇದೆ. ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಈ ಎರಡು ತಿಂಗಳ ಮಿತಿ ದೊಡ್ಡ ಉಪಕಾರದಂತೆ ಕಾಣುತ್ತದೆ. ಉಪಕಾರವೇನೋ ಹೌದು.

ಹಾನಿಯ ವಿಷಯದಲ್ಲಿ ಈ ಕಾಯ್ದೆಯ ಒಂದು ಮಾತನ್ನು ಪ್ರತಿ ಬಾಡಿಗೆದಾರರೂ ಬಾಯಿಪಾಠ ಮಾಡಬೇಕು. ಬಾಡಿಗೆದಾರರು ಮನೆಗೆ ಬೇಕೆಂದೇ ಆಗಲಿ, ನಿರ್ಲಕ್ಷ್ಯದಿಂದಾಗಲಿ ಹಾನಿ ಮಾಡಬಾರದು, ಬೇರೆಯವರು ಮಾಡಲೂ ಬಿಡಬಾರದು. ಹಾನಿಯಾದರೆ ಆದಷ್ಟು ಬೇಗ ಮಾಲೀಕರಿಗೆ ತಿಳಿಸಬೇಕು. ಇಲ್ಲಿರುವುದು ಬೇಕೆಂದು ಮಾಡಿದ್ದು ಮತ್ತು ನಿರ್ಲಕ್ಷ್ಯ, ಇವೆರಡೇ. ಎಚ್ಚರವಾಗಿದ್ದರೂ ಆಗಿಹೋದದ್ದು ಈ ಮಾತಿನೊಳಗೆ ಬರುವುದಿಲ್ಲ. ಮನೆ ಬಳಸಿದಷ್ಟೂ ಸವೆಯುತ್ತದೆ. ಆ ಸಹಜ ಸವಕಲನ್ನೂ ಕಾಯ್ದೆ ಬಾಡಿಗೆದಾರರ ಲೆಕ್ಕದಿಂದ ಹೊರಗಿಟ್ಟಿದೆ.

ಇದು ಹೊಸ ವಿಚಾರವೂ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರರಿಗೆ ಹೇಳುವುದೂ ಇದನ್ನೇ: ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಸವಕಲು ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗಳಿಗೆ ವಿನಾಯಿತಿ. ಬಾಡಿಗೆದಾರರ, ಅವರ ಕೆಲಸದವರ, ಅವರು ಕಳಿಸಿದವರ ಕೃತ್ಯದಿಂದ ಹಾನಿಯಾಗಿದ್ದರೆ ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಪಡಿಸಿಕೊಡಬೇಕು. ಬೆಂಕಿ, ಬಿರುಗಾಳಿ, ಪ್ರವಾಹ, ದಂಗೆಯಿಂದ ಮನೆಯ ಮುಖ್ಯ ಭಾಗವೇ ನಾಶವಾಗಿ ವಾಸಕ್ಕೆ ಬಾರದಂತಾದರೆ ಕರಾರನ್ನು ಕೈಬಿಡುವ ಆಯ್ಕೆ ಬಾಡಿಗೆದಾರರಿಗೇ ಇದೆ. ಆದರೆ ಅವರ ತಪ್ಪಿನಿಂದಲೇ ಹಾಗಾಗಿದ್ದರೆ ಆ ಹಕ್ಕಿಲ್ಲ. ನೂರನಲವತ್ತು ವರ್ಷಗಳ ಹಿಂದೆಯೇ ಬರೆದಿಟ್ಟ ಈ ವಿವೇಕವನ್ನು ಇಂದಿನ ಹನ್ನೊಂದು ತಿಂಗಳ ಕರಾರು ಪತ್ರಗಳು ಒಂದೇ ಸಾಲಿನಲ್ಲಿ ಅಳಿಸಿಹಾಕುತ್ತವೆ. ಪ್ರಾಪರ್ಟಿ ಡೀಲರ್‌ನ ಕಂಪ್ಯೂಟರಿನಿಂದ ಹೊರಬರುವ ಆ ಸಾಲಿನ ಅರ್ಥ ಇಷ್ಟೇ: ಮನೆಯಲ್ಲಿ ಏನೇ ಟೂಟ್-ಫೂಟ್, ಅಂದರೆ ಒಡೆತ-ಮುರಿತ, ಆದರೂ ಖರ್ಚು ಬಾಡಿಗೆದಾರರದು. ಓದದೆ ಸಹಿ ಹಾಕುತ್ತೇವೆ. ಮಾದರಿ ಕಾಯ್ದೆಯಲ್ಲಿ ಸಹಜ ಸವಕಲಿನ ವಿನಾಯಿತಿ ಕರಾರಿನಲ್ಲಿ ಏನೇ ಬರೆದಿದ್ದರೂ ಉಳಿಯುತ್ತದೆ. ಆದರೆ ಸಾಮಾನು ಕಟ್ಟಿ ಲಾರಿಗೆ ಏರಿಸುವ ಹೊತ್ತಿನಲ್ಲಿ ಇದನ್ನೆಲ್ಲ ವಾದಿಸಲು ಯಾರಿಗೆ ಪುರುಸೊತ್ತು?

ನಲ್ಲಿ, ಗೀಸರ್, ಗಾಜು

ಉತ್ತರ ಪ್ರದೇಶದ ಕಾಯ್ದೆಯ ಎರಡನೆಯ ಅನುಸೂಚಿ ದಿನನಿತ್ಯದ ದುರಸ್ತಿಗಳನ್ನು ಹಂಚಿಕೊಟ್ಟಿದೆ. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗೆ ಪೇಂಟ್, ಪೈಪು ಬದಲಾವಣೆ, ವೈರಿಂಗ್ ಇವು ಮಾಲೀಕರ ಪಾಲು. ನಲ್ಲಿ ಮತ್ತು ಅದರ ವಾಷರ್, ಮೋರಿ ಸ್ವಚ್ಛತೆ, ಕಮೋಡು, ವಾಷ್ ಬೇಸಿನ್, ಗೀಸರ್ ದುರಸ್ತಿ, ಸ್ವಿಚ್ಚು, ಸಾಕೆಟ್ಟು, ಬೀಗ, ಬಾಗಿಲ ಹಿಡಿ, ಸೊಳ್ಳೆ ಜಾಲರಿ, ಕಿಟಕಿಯ ಗಾಜು ಇವು ಬಾಡಿಗೆದಾರರ ಪಾಲು.

ಬಣ್ಣ ಮಾಲೀಕರ ಪಾಲಿನಲ್ಲಿರುವುದನ್ನು ಗಮನಿಸಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಹೆಸರಿನಲ್ಲಿ ಹಿಡಿದುಕೊಳ್ಳುವುದು ಎಷ್ಟು ರೂಢಿಯಾಗಿದೆ ಎಂದರೆ ಅದನ್ನು ಪ್ರಶ್ನಿಸಬಹುದು ಎಂಬುದೇ ನಮಗೆ ಮರೆತಿದೆ.

ಈ ಪಟ್ಟಿಯನ್ನು ನೋಯ್ಡಾದ ನೀರಿನ ಜತೆ ಇಟ್ಟು ನೋಡಬೇಕು. ಇಲ್ಲಿನ ಗಡಸು ನೀರು ಹೆಸರುವಾಸಿ. ಗಂಗೆಯ ನೀರಿಗೆ ಬೋರ್‌ವೆಲ್ ನೀರು ಬೆರೆತು ಬರುವ ಸೆಕ್ಟರ್‌ಗಳಲ್ಲಿ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಶವರ್‌ನ ರಂಧ್ರಗಳು ಮುಚ್ಚಿಹೋಗುತ್ತವೆ, ನಲ್ಲಿಯ ಹೊಳಪು ಹೋಗುತ್ತದೆ. ಗೀಸರ್‌ನ ಕಾಯಿಲಿಗೆ ಸುಣ್ಣದ ಕವಚ ಬಂದು ಅದು ಸುಟ್ಟುಹೋಗುತ್ತದೆ. ಕಾಯಿಲ್ ಬದಲಿಸುವುದು ದುರಸ್ತಿ. ಪಟ್ಟಿಯ ಪ್ರಕಾರ ಬಾಡಿಗೆದಾರರು ಮಾಡಿಸಬೇಕು, ಮಾಡಿಸಲಿ. ಆದರೆ ಎಂಟು ವರ್ಷ ಈ ನೀರು ಕುಡಿದ ಗೀಸರಿನ ಟ್ಯಾಂಕೇ ತೂತಾದರೆ? ಅದು ಆಯುಷ್ಯ ಮುಗಿದ ವಸ್ತು. ಕೊನೆಯ ವರ್ಷ ಅದರಡಿ ಸ್ನಾನ ಮಾಡಿದವರು ಹೊಸ ಗೀಸರ್ ತಂದಿಡಬೇಕೆಂದು ಕೇಳುವುದು ಹಿಂದಿನ ಏಳು ವರ್ಷಗಳ ಬಾಡಿಗೆ ಪಡೆದ ಮಾಲೀಕರ ಬಾಯಲ್ಲಿ ಬರಬಾರದ ಮಾತು.

ಗಾಜಿನದು ಇನ್ನೂ ತೊಡಕು. 2025ರ ಮೇ 21ರ ಸಂಜೆ ದೆಹಲಿ ಸುತ್ತಮುತ್ತ ಎದ್ದ ಧೂಳುಗಾಳಿ, ಆಲಿಕಲ್ಲು ಮಳೆಯನ್ನು ಕಂಡವರು ಅದನ್ನು ಮರೆಯಲಾರರು. ಇಲ್ಲಿಯ ಜನ ಆಂಧಿ ಎನ್ನುವ ಈ ಗಾಳಿ ಇಪ್ಪತ್ತನೇ ಮಹಡಿಯಲ್ಲಿ ಬೇರೆಯೇ ರೂಪ ತಾಳುತ್ತದೆ. ಸರಿಸುವ ಗಾಜಿನ ಬಾಗಿಲು ಚೌಕಟ್ಟು ಸಮೇತ ನಡುಗುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಅನುಸೂಚಿಯ ಪ್ರಕಾರ ಗಾಜು ಬಾಡಿಗೆದಾರರದು. 108ನೇ ಕಲಮಿನ ಪ್ರಕಾರ ತಡೆಯಲಾಗದ ಶಕ್ತಿಯ ಹಾನಿ ಅವರದಲ್ಲ. ಪ್ರತಿ ಬೇಸಿಗೆ ಬರುವ ಆಂಧಿ ತಡೆಯಲಾಗದ ಶಕ್ತಿಯೇ, ಚಿಲಕ ಹಾಕದೆ ಬಿಟ್ಟದ್ದು ನಿರ್ಲಕ್ಷ್ಯವೇ, ಚೌಕಟ್ಟನ್ನು ಬಿಲ್ಡರ್ ಸಡಿಲವಾಗಿ ಕೂಡಿಸಿದ್ದೇ ಕಾರಣವೇ? ನನ್ನ ತೀರ್ಪು ಕೇಳಿದರೆ, ಬಾಗಿಲು ಮುಚ್ಚಿ ಚಿಲಕ ಹಾಕಿದ್ದೂ ಗಾಜು ಒಡೆದರೆ ಖರ್ಚು ಮಾಲೀಕರದು; ಬಾಗಿಲು ತೆರೆದಿಟ್ಟು ಊರಿಗೆ ಹೋಗಿದ್ದರೆ ಬಾಡಿಗೆದಾರರದು. ಪಟ್ಟಿಯಲ್ಲಿ ಗಾಜಿನ ಹೆಸರಿರುವುದು ಮಗುವಿನ ಚೆಂಡು ತಗುಲಿ ಒಡೆಯುವ ಗಾಜಿಗಾಗಿ. ಅದನ್ನು ಬಿರುಗಾಳಿಗೂ ಎಳೆಯುವುದು ತರವಲ್ಲ.

ನಮ್ಮ ಅಡುಗೆಮನೆಯ ಹಾನಿಗಳಿಗೂ ಒಂದು ಮಾತು ಸಲ್ಲಬೇಕು. ಹಬ್ಬದ ದಿನ ವಿಟ್ರಿಫೈಡ್ ಟೈಲ್ಸಿನ ಮೇಲೆ ತೆಂಗಿನಕಾಯಿ ಒಡೆಯುವುದು, ದೋಸೆಹಿಟ್ಟಿನ ಗ್ರೈಂಡರನ್ನು ಎರಡು ಗ್ರಾನೈಟ್ ಚಪ್ಪಡಿಗಳ ಕೂಡುಗೆರೆಯ ಮೇಲಿಡುವುದು, ದೇವರ ಗೂಡಿನ ಪ್ಲೈವುಡ್ ಕೆಳಗೆ ನಂದಾದೀಪ ಉರಿಸುವುದು ಇವು ನಮ್ಮವರ ಮನೆಗಳಲ್ಲಿ ನಡೆಯುತ್ತಲೇ ಇರುತ್ತವೆ. ಟೈಲ್ಸ್ ಬಿರುಕು ಬಿಟ್ಟರೆ ಅದು ನಮ್ಮ ಕೈಯಿಂದಾದದ್ದೇ. ಒಪ್ಪಿಕೊಂಡು ಆ ಒಂದು ಟೈಲ್ಸನ್ನು ಬದಲಿಸಿಕೊಡುವುದೇ ಮರ್ಯಾದೆ. ಆದರೆ "ಇದೇ ಬಣ್ಣದ್ದು ಈಗ ಸಿಗುವುದಿಲ್ಲ, ಇಡೀ ಹಾಲಿಗೆ ಹೊಸದು ಹಾಕಿಸಿ" ಎಂದರೆ ಒಪ್ಪಬೇಕಿಲ್ಲ. ಆದ ಹಾನಿಯ ಬೆಲೆ ಕೊಡುವುದು ಬೇರೆ, ಇನ್ನೊಬ್ಬರ ಮನೆಯನ್ನು ನಮ್ಮ ದುಡ್ಡಿನಲ್ಲಿ ಹೊಸದು ಮಾಡಿಕೊಡುವುದು ಬೇರೆ.

ಲೆಕ್ಕ ಹೀಗಿರಬೇಕು. ಹತ್ತು ಸಾವಿರ ರೂಪಾಯಿಯ ಚಿಮಣಿಯೊಂದು ಸುಮಾರು ಎಂಟು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ಆರು ವರ್ಷ ಹಳೆಯದಾಗಿದ್ದಾಗ ಬಾಡಿಗೆದಾರರ ಅಜಾಗರೂಕತೆಯಿಂದ ಅದು ಹಾಳಾಯಿತು. ಮಾಲೀಕರು ಕಳೆದುಕೊಂಡದ್ದು ಹತ್ತು ಸಾವಿರವನ್ನಲ್ಲ, ಉಳಿದ ಎರಡು ವರ್ಷವನ್ನು. ಅಂದರೆ ಎರಡೂವರೆ ಸಾವಿರ. ಇಂಗ್ಲೆಂಡಿನಲ್ಲಿ ಠೇವಣಿ ತಕರಾರುಗಳನ್ನು ತೀರ್ಮಾನಿಸುವವರು ಇದೇ ಕ್ರಮದಲ್ಲಿ ವಸ್ತುವಿನ ವಯಸ್ಸು ನೋಡಿ ಮೊತ್ತ ಕಟ್ಟುತ್ತಾರೆ.

ಗೋಡೆಯಲ್ಲಿ ಇಳಿದ ನೀರು

ನೋಯ್ಡಾದ ಸೊಸೈಟಿಗಳಲ್ಲಿ ಅತಿ ಹೆಚ್ಚು ಮನಸ್ತಾಪ ಹುಟ್ಟಿಸುವುದು ಬೆಂಕಿಯಲ್ಲ, ನೀರು. ಇಲ್ಲಿನವರು ಸೀಲನ್ ಎನ್ನುವ ಗೋಡೆಯ ತೇವ, ಮೇಲಿನ ಮನೆಯ ಬಚ್ಚಲಿನಿಂದ ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುತ್ತದೆ. ಮೇಲೆ ಇರುವವರು ಬಾಡಿಗೆದಾರರು, ಕೆಳಗೆ ಇರುವವರು ಮಾಲೀಕರು ಎಂದಾದರೆ ಜಗಳ ಒಂದು ಬಗೆ. ಕೆಳಗಿರುವವರೂ ಬಾಡಿಗೆದಾರರಾದರೆ ದೂರು ಎರಡು ಊರುಗಳಲ್ಲಿರುವ ಇಬ್ಬರು ಮಾಲೀಕರ ನಡುವೆ ಅಲೆದಾಡುತ್ತದೆ.

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಕಟ್ಟಡದ ವಯಸ್ಸಿನದು. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ನಾವು ರೇರಾ ಎನ್ನುವುದು, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ಕಂಡುಬರುವ ದೋಷಗಳನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಮೂವತ್ತು ದಿನದೊಳಗೆ ಸರಿಪಡಿಸಬೇಕೆನ್ನುತ್ತದೆ. ಸೆಕ್ಟರ್ 93ಎಯಲ್ಲಿ ಸೂಪರ್‌ಟೆಕ್‌ನ ಅವಳಿ ಗೋಪುರಗಳನ್ನು 2022ರ ಆಗಸ್ಟ್ 28ರಂದು ಸ್ಫೋಟಿಸಿ ಕೆಡವಿದ ಊರು ಇದು. ಬಿಲ್ಡರ್‌ಗಳ ತಪ್ಪಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಉತ್ತರ ಪಡೆದವರು ಇಲ್ಲಿನ ನಿವಾಸಿಗಳೇ. ಹೊಸ ಕಟ್ಟಡದ ಬಚ್ಚಲು ಸೋರಿದರೆ ಬಾಡಿಗೆದಾರರ ಠೇವಣಿಗೆ ಕೈ ಹಾಕುವ ಮುಂಚೆ ಮಾಲೀಕರು ಬಿಲ್ಡರ್‌ಗೆ ಪತ್ರ ಬರೆಯಬೇಕು. ಬಾಡಿಗೆದಾರರು ಮಾಡಬೇಕಾದದ್ದು ತೇವ ಕಂಡ ದಿನವೇ ಫೋಟೊ ಸಮೇತ ತಿಳಿಸುವುದು. ತಿಳಿಸದೆ ಆರು ತಿಂಗಳು ಸುಮ್ಮನಿದ್ದು ಗೋಡೆ ಉಬ್ಬಿದರೆ, ಆ ಹೆಚ್ಚಿನ ಹಾನಿಯಲ್ಲಿ ಅವರಿಗೂ ಪಾಲು ಬರುತ್ತದೆ.

ಬೇಸಿಗೆ ರಜೆಗೆ ಹುಬ್ಬಳ್ಳಿಗೋ ಉಡುಪಿಗೋ ಹೋದ ಕುಟುಂಬ, ಇತ್ತ ಬೀಗ ಹಾಕಿದ ಮನೆಯಲ್ಲಿ ಕಳಚಿಕೊಂಡ ವಾಷಿಂಗ್ ಮಷಿನ್ ಪೈಪು: ನೀರಿನ ಹಾನಿಯ ಕಥೆಗಳಲ್ಲಿ ಇದು ಅತಿ ಸಾಮಾನ್ಯ. ನಲ್ಲಿಯ ಕೀಲಿ ಮುಚ್ಚದೆ ಹೋಗಿದ್ದರೆ ಇದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸು ಬಾರದು. ತಿಂಗಳುಗಟ್ಟಲೆ ಮನೆ ಬಿಡುವವರು ಮುಖ್ಯ ವಾಲ್ವ್ ಮುಚ್ಚಬೇಕು. ಅದು ಸಾಮಾನ್ಯ ಎಚ್ಚರ. ಮುಚ್ಚಿದ್ದೂ ಗೋಡೆಯೊಳಗಿನ ಪೈಪ್ ಒಡೆದಿದ್ದರೆ ಹೊಣೆ ಪೈಪಿನ ಒಡೆಯರದು.

ಮನೆಗೆಲಸದವರ ವಿಷಯ ಇಲ್ಲಿಯೇ ಹೇಳಬೇಕು. ಗಾಜಿನ ಒಲೆಯ ಮೇಲೆ ಪಾತ್ರೆ ಬಿದ್ದು ಬಿರಿದರೆ, ಕರೆಸಿದ ಎಸಿ ಮೆಕ್ಯಾನಿಕ್ ಡ್ರಿಲ್ ಹಾಕಿ ಒಳಪೈಪಿಗೆ ತೂತು ಮಾಡಿದರೆ, ಮಾಲೀಕರ ಎದುರು ಉತ್ತರ ಕೊಡಬೇಕಾದವರು ಬಾಡಿಗೆದಾರರೇ. ಕಾನೂನು ಅದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಆ ಮೊತ್ತವನ್ನು ಬಂಗಾಳದಿಂದಲೋ ಬಿಹಾರದಿಂದಲೋ ಬಂದು ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಣ್ಣುಮಗಳ ಸಂಬಳದಿಂದ ಮುರಿದುಕೊಳ್ಳುವುದು ಕ್ರೌರ್ಯ. ಮಾಲೀಕರು ನಮ್ಮ ಠೇವಣಿಯಿಂದ ಮುರಿದಾಗ ನಮಗೆ ಬರುವ ಸಿಟ್ಟು ಅವಳಿಗೆ ಬರುವ ಅವಕಾಶವೂ ಇಲ್ಲ.

ಗೇಟಿನಲ್ಲಿ ನಿಂತ ಲಾರಿ

ಇಷ್ಟೆಲ್ಲ ಕಾನೂನಿದ್ದೂ ಬಾಡಿಗೆದಾರರು ಸೋಲುವುದು ಎಲ್ಲಿ? ಎರಡು ಕಡೆ. ಮೊದಲನೆಯದು, ಹಣ ಆಗಲೇ ಮಾಲೀಕರ ಕೈಯಲ್ಲಿದೆ. ಹಾನಿ ಎಷ್ಟು ಎಂದು ಹೇಳುವವರೂ ಅವರೇ, ಮುರಿದುಕೊಳ್ಳುವವರೂ ಅವರೇ. ಎರಡನೆಯದು ನೋಯ್ಡಾದಂಥ ಸೊಸೈಟಿ ಬದುಕಿನ ವಿಶೇಷ: ಸಾಮಾನಿನ ಲಾರಿ ಗೇಟು ದಾಟಬೇಕಾದರೆ ಮಾಲೀಕರ ಎನ್ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ಕಳ್ಳತನ, ಬಾಕಿ ಮೇಂಟೆನೆನ್ಸ್ ತಡೆಯಲೆಂದು ಬಂದ ಈ ಪದ್ಧತಿ ಈಗ ಮಾಲೀಕರ ಕೈಯ ಅಸ್ತ್ರವಾಗಿದೆ. ಲಾರಿ ನಿಂತಿದೆ, ಕೂಲಿಯವರು ಕಾಯುತ್ತಿದ್ದಾರೆ, ಸಂಜೆ ರೈಲು. "ಮಾಡ್ಯುಲರ್ ಕಿಚನ್ ಹಾಳಾಗಿದೆ, ಸೆಕ್ಯುರಿಟಿ ವಾಪಸ್ ಇಲ್ಲ ಎಂದು ಒಪ್ಪಿದರೆ ಎನ್ಒಸಿ ಕಳಿಸುತ್ತೇನೆ" ಎಂಬ ಫೋನು ಬಂದರೆ ಯಾರು ತಾನೆ ಒಪ್ಪುವುದಿಲ್ಲ? ಆ ಒಪ್ಪಿಗೆಗೆ ನ್ಯಾಯದ ಬೆಲೆ ಇಲ್ಲ. ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳು ಈ ವಿಷಯದಲ್ಲಿ ತಮ್ಮ ಹೊಣೆ ಅರಿಯಬೇಕು. ಮೇಂಟೆನೆನ್ಸ್ ಬಾಕಿ ಇಲ್ಲದವರ ಸಾಮಾನನ್ನು ಇಬ್ಬರ ನಡುವಿನ ಠೇವಣಿ ಜಗಳಕ್ಕಾಗಿ ತಡೆಯುವುದು ಸಂಘದ ಕೆಲಸವಲ್ಲ.

ಹಾನಿಯಾದ ಮಾತ್ರಕ್ಕೆ ಇಡೀ ಠೇವಣಿಯನ್ನು ನುಂಗುವಂತಿಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಬಲವೂ ಇದೆ. 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣ ಬಾಡಿಗೆಯದಲ್ಲ, ದೆಹಲಿ ಅಭಿವೃದ್ಧಿ ಪ್ರಾಧಿಕಾರ ಹರಾಜಿನ ಮುಂಗಡ ಹಣ ಮುಟ್ಟುಗೋಲು ಹಾಕಿಕೊಂಡದ್ದು. ಕರಾರು ಕಾಯ್ದೆಯ 74ನೇ ಕಲಮಿನಡಿ ಪರಿಹಾರ ಕೇಳಬೇಕಾದರೆ ನಷ್ಟ ಆಗಿರಲೇಬೇಕು, ಸಿಗುವುದೂ ನ್ಯಾಯವಾದ ಪರಿಹಾರ ಮಾತ್ರ ಎಂದು ಕೋರ್ಟು ಅಲ್ಲಿ ಹೇಳಿತು. ನಷ್ಟವನ್ನು ಸಾಬೀತು ಮಾಡುವುದು ಸಾಧ್ಯವಿದ್ದಾಗ ಸಾಬೀತು ಮಾಡಲೇಬೇಕು. ಒಡೆದ ಬೇಸಿನ್ನಿನ ಬೆಲೆಗೆ ಬಿಲ್ಲು ತೋರಿಸುವುದು ಅಸಾಧ್ಯವೇನಲ್ಲವಲ್ಲ. ಹಾಗಾಗಿ ಬಿಲ್ಲು ಕೇಳಿ. ಕೇಳುವುದು ಜಗಳವಲ್ಲ.

ಎಣ್ಣೆಯ ಬಾಣಲೆ ಮತ್ತು ನಾಲ್ಕು ವಾರದ ಬಾಡಿಗೆ

ಈ ಪ್ರಶ್ನೆಯನ್ನು ಬೇರು ಸಮೇತ ಚರ್ಚಿಸಿದ ದೇಶ ನ್ಯೂಜಿಲೆಂಡ್. ಬಾಡಿಗೆ ಮನೆಯೊಂದರಲ್ಲಿ ಒಲೆಯ ಮೇಲೆ ಎಣ್ಣೆಯ ಪಾತ್ರೆ ಇಟ್ಟು ಮರೆತರು. ಬೆಂಕಿ ಹತ್ತಿ ಎರಡು ಲಕ್ಷ ಡಾಲರ್‌ಗೂ ಮಿಕ್ಕಿ ನಷ್ಟವಾಯಿತು. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟಿತು. ಆಮೇಲೆ ಮಾಲೀಕರ ಸ್ಥಾನದಲ್ಲಿ ನಿಂತು ಅದೇ ಹಣವನ್ನು ಬಾಡಿಗೆದಾರರಿಂದ ವಸೂಲು ಮಾಡಲು ಹೊರಟಿತು. ವಿಮೆಯ ಲೋಕದಲ್ಲಿ ಇದು ಮಾಮೂಲು ಹಕ್ಕು, ನಮ್ಮಲ್ಲೂ ಇದೆ. ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಬಾಡಿಗೆದಾರರ ಪರ ತೀರ್ಪು ಕೊಟ್ಟಿತು: ಮನೆಗೆ ವಿಮೆ ಇರುವಾಗ, ಬೇಕೆಂದೇ ಮಾಡದ ಹಾನಿಗೆ ಅವರು ತೆರಬೇಕಿಲ್ಲ.

ಮಾಲೀಕರು ಸುಮ್ಮನಿರಲಿಲ್ಲ. ಹಾಗಾದರೆ ಬಾಡಿಗೆದಾರರಿಗೆ ಎಚ್ಚರದ ಅಗತ್ಯವೇ ಇಲ್ಲವೇ ಎಂದು ಕೇಳಿದರು. ಆ ಪ್ರಶ್ನೆಯಲ್ಲೂ ನ್ಯಾಯವಿತ್ತು. 2019ರ ಆಗಸ್ಟಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಮಧ್ಯದ ದಾರಿ ಹಿಡಿಯಿತು. ಅಜಾಗರೂಕತೆಯಿಂದ ಹಾನಿ ಮಾಡಿದ ಬಾಡಿಗೆದಾರರು ನಾಲ್ಕು ವಾರದ ಬಾಡಿಗೆ ಅಥವಾ ವಿಮೆಯಲ್ಲಿ ಮಾಲೀಕರು ಕೈಯಿಂದ ಹಾಕಬೇಕಾದ ಮೊತ್ತ, ಇವೆರಡರಲ್ಲಿ ಕಡಿಮೆಯದನ್ನು ಮಾತ್ರ ಕೊಡಬೇಕು. ತಪ್ಪಿಗೆ ಬೆಲೆ ಇದೆ, ಆದರೆ ಒಂದು ಮರೆವಿಗೆ ಕುಟುಂಬವೊಂದು ಜೀವಮಾನವಿಡೀ ಸಾಲದಲ್ಲಿ ಬೀಳುವುದಿಲ್ಲ. ನಾನು ಓದಿದ ಪರಿಹಾರಗಳಲ್ಲಿ ಇದು ಅತ್ಯಂತ ಮಾನವೀಯವಾದದ್ದು. ನಮ್ಮ ಕಾಯ್ದೆಗಳಲ್ಲಿ ಠೇವಣಿಗೆ ಮಿತಿ ಇದೆ, ಹೊಣೆಗೆ ಮಿತಿ ಇಲ್ಲ. ಬೆಂಕಿಯಂಥ ದೊಡ್ಡ ಅನಾಹುತದಲ್ಲಿ ಈ ಕೊರತೆ ಒಬ್ಬ ಸಂಬಳದಾರನನ್ನು ಮುಳುಗಿಸಬಲ್ಲದು.

ಆದ್ದರಿಂದ ವಿಮೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿವೆ. ಬೆಂಕಿ, ಭೂಕಂಪ, ಬಿರುಗಾಳಿ, ಟ್ಯಾಂಕು ಪೈಪು ಒಡೆದು ನುಗ್ಗುವ ನೀರು ಎಲ್ಲಕ್ಕೂ ಅದರಲ್ಲಿ ರಕ್ಷಣೆ ಇದೆ. ಮಾಲೀಕರು ಕಟ್ಟಡಕ್ಕೆ ತೆಗೆದುಕೊಳ್ಳಬೇಕು. ಬಾಡಿಗೆದಾರರು ತಮ್ಮ ಸಾಮಾನಿಗೆ ಮಾತ್ರ ತೆಗೆದುಕೊಳ್ಳಬಹುದು. ಭೂಕಂಪದ ನಾಲ್ಕನೇ ವಲಯದಲ್ಲಿರುವ ನೋಯ್ಡಾದಲ್ಲಿ, ಕೋಟಿ ಬೆಲೆಯ ಫ್ಲ್ಯಾಟಿಗೆ ಈ ಪಾಲಿಸಿ ಇಲ್ಲದೆ ಬಾಡಿಗೆ ಕೊಡುವ ಮಾಲೀಕರು ತಮ್ಮ ಅಪಾಯವನ್ನು ತಿಳಿಯದಂತೆ ಬಾಡಿಗೆದಾರರ ಹೆಗಲಿಗೆ ವರ್ಗಾಯಿಸುತ್ತಿದ್ದಾರೆ. ಜರ್ಮನಿಗೆ ಹೋದ ನಮ್ಮ ಎಂಜಿನಿಯರ್‌ಗಳನ್ನು ಕೇಳಿ: ಅಲ್ಲಿ ಇತರರಿಗೆ ಮಾಡಿದ ಹಾನಿಗೆ ಪರಿಹಾರ ಕೊಡುವ ವೈಯಕ್ತಿಕ ಹೊಣೆ ವಿಮೆ ಹೆಚ್ಚಿನವರ ಬಳಿ ಇರುತ್ತದೆ, ಬಾಡಿಗೆ ಮನೆಗೆ ಮಾಡಿದ ಹಾನಿಯೂ ಬಹಳಷ್ಟು ಪಾಲಿಸಿಗಳಲ್ಲಿ ಸೇರಿರುತ್ತದೆ. ನಮ್ಮಲ್ಲೂ ಅದು ಕೈಗೆಟಕುವಂತೆ ಬಂದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಠೇವಣಿಯ ಬಗ್ಗೆ ಸರ್ಕಾರಗಳು ಮಾಡಬೇಕಾದದ್ದೂ ಇದೆ. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಠೇವಣಿಯನ್ನು ಸರ್ಕಾರ ಮಾನ್ಯ ಮಾಡಿದ ಯೋಜನೆಯೊಂದರಲ್ಲಿ ರಕ್ಷಿಸುವುದು ಕಡ್ಡಾಯ. ತಕರಾರು ಬಂದರೆ ಮಾಲೀಕರಲ್ಲದ ಮೂರನೆಯವರಿಂದ ತೀರ್ಮಾನ ಪಡೆಯಬಹುದು. ಅಲ್ಲಿ ಸಾಕ್ಷ್ಯವಿಲ್ಲದ ಹಾನಿಗೆ ಬೆಲೆ ಸಿಗುವುದಿಲ್ಲ. ಉತ್ತರ ಪ್ರದೇಶ ಮೊತ್ತಕ್ಕೆ ಮಿತಿ ಹಾಕಿ ಒಂದು ಹೆಜ್ಜೆ ಇಟ್ಟಿದೆ. ಹಣವನ್ನು ಮೂರನೆಯ ಕೈಗೆ ಒಪ್ಪಿಸುವುದು ಮುಂದಿನ ಹೆಜ್ಜೆಯಾಗಬೇಕು. ಹತ್ತು ತಿಂಗಳ ಅಡ್ವಾನ್ಸಿನ ಊರಾದ ಬೆಂಗಳೂರಿಗಂತೂ ಎರಡೂ ಹೆಜ್ಜೆ ಬೇಕು.

ಬೆಂಗಳೂರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನೋಯ್ಡಾದಲ್ಲಿ ಬಾಡಿಗೆಗಿರುವ ಕನ್ನಡದ ಕುಟುಂಬಗಳಲ್ಲಿ ಅನೇಕರದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಫ್ಲ್ಯಾಟಿದೆ, ಅದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಇಲ್ಲಿ ಬಾಡಿಗೆದಾರರು, ಅಲ್ಲಿ ಮಾಲೀಕರು. ಇಲ್ಲಿಯ ಮಾಲೀಕರು ಗೋಡೆಯ ಮೊಳೆ ತೂತಿಗೆ ದುಡ್ಡು ಮುರಿದರೆಂದು ನೊಂದುಕೊಳ್ಳುವವರು, ಅಲ್ಲಿಯ ತಮ್ಮ ಬಾಡಿಗೆದಾರರ ಪೇಂಟಿಂಗ್ ಹಣವನ್ನು ಯೋಚನೆಯಿಲ್ಲದೆ ಹಿಡಿದುಕೊಳ್ಳುತ್ತಾರೆ. ಎರಡೂ ಕಡೆಯ ಕಷ್ಟ ಬಲ್ಲವರಿಂದಲೇ ನ್ಯಾಯದ ರೂಢಿ ಶುರುವಾಗಬೇಕು. ಮಾಲೀಕರಾದಾಗ ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳಬೇಡಿ. ಬಾಡಿಗೆದಾರರಾದಾಗ ಒಡೆದದ್ದನ್ನು ಕ್ಯಾಲೆಂಡರ್ ನೇತುಹಾಕಿ ಮುಚ್ಚಬೇಡಿ.

ಮಾರ್ಚ್, ಏಪ್ರಿಲ್‌ನಲ್ಲಿ ಶಾಲೆ ಬದಲಾಗುವ ಹೊತ್ತಿಗೆ ನೋಯ್ಡಾದಲ್ಲಿ ಮನೆ ಬದಲಿಸುವ ಕಾಲ. ಆಗ ಹೊಸ ಮನೆಯ ಕೀಲಿ ಕೈಗೆ ಬಂದ ದಿನ, ಸಾಮಾನು ಇಳಿಸುವ ಮುಂಚೆ, ಪ್ರತಿ ಕೋಣೆಯ ಗೋಡೆ, ನೆಲ, ನಲ್ಲಿ, ಗೀಸರ್, ಒಲೆ, ಗಾಜು ತೋರುವಂತೆ ವಿಡಿಯೊ ಮಾಡಿ ಅದೇ ದಿನ ಮಾಲೀಕರಿಗೆ ಕಳಿಸಿ. ಗೀಸರ್, ಎಸಿ, ಚಿಮಣಿ ಯಾವ ವರ್ಷದವು ಎಂದು ಕೇಳಿ ಬರೆದುಕೊಳ್ಳಿ. ಕರಾರಿನಲ್ಲಿ ಟೂಟ್-ಫೂಟ್ ಎಂಬ ಒಂದು ಸಾಲಿದ್ದರೆ ಅದನ್ನು ಹೊಡೆದುಹಾಕಿಸಿ, ಅದರ ಜಾಗದಲ್ಲಿ ಹೀಗೆ ಬರೆಸಿ: ಸಹಜ ಸವಕಲು ಮತ್ತು ಬಾಡಿಗೆದಾರರ ನಿರ್ಲಕ್ಷ್ಯವಿಲ್ಲದ ಆಕಸ್ಮಿಕ ಹಾನಿ ಮಾಲೀಕರದು, ಬಾಡಿಗೆದಾರರ ಅಥವಾ ಅವರು ಕರೆಸಿದವರ ನಿರ್ಲಕ್ಷ್ಯದ ಹಾನಿಯನ್ನು ವಸ್ತುವಿನ ವಯಸ್ಸು ಕಳೆದು, ಬಿಲ್ಲಿನ ಮೇಲೆ ಬಾಡಿಗೆದಾರರು ಕೊಡುವರು, ಕಟ್ಟಡದ ವಿಮೆ ಮಾಲೀಕರ ಹೊಣೆ, ವಿಮಾ ಹಣ ಬಂದ ಹಾನಿಗೆ ಬಾಡಿಗೆದಾರರಿಂದ ಮತ್ತೆ ಪಡೆಯುವಂತಿಲ್ಲ. ಡೀಲರ್ ಗೊಣಗಬಹುದು, ಹೀಗೆ ಯಾರೂ ಬರೆಸುವುದಿಲ್ಲ ಎನ್ನಬಹುದು. ಆದರೂ ಬರೆಸಿಯೇ ಸಹಿ ಹಾಕಿ.